ಲುಂಗಿ ಅದೇ, ಹಾಡು ಬೇರೆ

ಬೆಂಗಳೂರಿನ ಅಂಚಿನ ಮಾಕಳಿಯ ಟೀ ಅಂಗಡಿಯಲ್ಲಿ ಪೀಣ್ಯದ ಬಸ್ಸಿಗೆ ಕಾಯುವವರದು ಎರಡು ಪಕ್ಷ. ವಿಷಯ ರಾಜಕೀಯವಲ್ಲ, ಲುಂಗಿ ಉಟ್ಟು ಹಾಡುವ ಗಾಯಕ ರಘು ದೀಕ್ಷಿತ್.

ಲೇತ್ ಮಶೀನಿನ ಅಣ್ಣನದು ಹಳೇ ಪಕ್ಷ. "ಅವನ ಅಂತರಾಗ್ನಿ ಬ್ಯಾಂಡ್ ಇದ್ದಾಗ ಹಾಡು ಅಂದ್ರೆ ಹಾಡು ಕಣಯ್ಯಾ!" ಆಗ ಎಲ್ಲಿ ಕೇಳಿದ್ರಿ ಅಂತ ಮಾತ್ರ ಕೇಳಬಾರದು. ಹಳೇ ಅಭಿಮಾನಿಗಳಿಗೆ ಹಾಜರಿ ಪುಸ್ತಕ ಇರುವುದಿಲ್ಲ.

2008ರ ಮೊದಲ ಆಲ್ಬಂನಲ್ಲಿ ಶಿಶುನಾಳ ಶರೀಫರ 'ಗುಡುಗುಡಿ' ಹಾಡಿಗೆ ಗಿಟಾರು ಸೇರಿದಾಗಲೇ "ತತ್ವಪದ ಕೆಡಿಸಿದ" ಎಂದವರಿದ್ದರು. ಈಗ ಅದನ್ನೇ ಅಪ್ಪಟ ಹಳೇ ಶೈಲಿ ಅನ್ನುತ್ತಾರೆ. ಅದೇ ವರ್ಷ 'ಸೈಕೋ' ಚಿತ್ರಕ್ಕೆ ಸಂಗೀತ ಕೊಟ್ಟದ್ದೇ ತಡ, "ಸಿನಿಮಾಕ್ಕೆ ಮಾರಿಕೊಂಡ" ಎಂಬ ತೀರ್ಪು. ನನಗೇನೋ ಸಿನಿಮಾ ಇಲ್ಲದಿದ್ದರೆ ಅವರ ದನಿ ನೈಸ್ ರಸ್ತೆ ದಾಟಿ ನಮ್ಮ ಕಡೆ ಬರುತ್ತಿತ್ತೇ ಎಂಬ ಅನುಮಾನ.

ಕ್ವಾಲಿಟಿ ವಿಭಾಗದ ಹುಡುಗಿ 2020ರ 'ಲವ್ ಮಾಕ್‌ಟೇಲ್' ಚಿತ್ರದ ಹಾಡುಗಳ ಪಕ್ಷ.
"ಅಣ್ಣಾ, ನೀವೂ ಬದಲಾಗಿದ್ದೀರ. ಮೊದಲು ಲೂನಾ, ಈಗ ಬಸ್ಸು."
"ಬಸ್ಸು ಬೇರೆ, ಕಲೆ ಬೇರೆ ತಾಯಿ."

ಅಷ್ಟರಲ್ಲಿ ಅಣ್ಣನ ಫೋನು ಹೊಡೆದುಕೊಂಡಿತು. ರಿಂಗ್‌ಟೋನು 'ಸೈಕೋ' ಚಿತ್ರದ ಮಹದೇಶ್ವರನ ಹಾಡು.

"ಇದು ದೇವರ ಹಾಡು, ಸಿನಿಮಾ ಲೆಕ್ಕಕ್ಕೆ ಬರಲ್ಲ," ಎಂದು ಅಣ್ಣ ಬಸ್ ಹತ್ತಿದ.