ಎದುರು ಕುರ್ಚಿಯವರ ‘ಸುಧಾ’

ಮೈಸೂರಿನ ದೇವರಾಜ ಮೊಹಲ್ಲಾದ ಹೆಣ್ಣುಮಕ್ಕಳು ಲೈಬ್ರರಿಗೆ ಹೋಗುವುದಿಲ್ಲ, ಮಾರ್ಕೆಟ್ಟಿಗೆ ಹೋಗುತ್ತಾರೆ. ಕಡೇಪಕ್ಷ ನಮ್ಮ ಕಾಲದಲ್ಲಿ ಮನೆಯಲ್ಲಿ ಹೇಳಿ ಹೊರಡುತ್ತಿದ್ದುದು ಹಾಗೆ. ದೇವರಾಜ ಮಾರುಕಟ್ಟೆಯೂ ನಗರ ಕೇಂದ್ರ ಗ್ರಂಥಾಲಯವೂ ಒಂದೇ ಸಯ್ಯಾಜಿರಾವ್ ರಸ್ತೆಗೆ ಬಂದು ಕೂತಿರುವುದು ನನ್ನ ಪೂರ್ವಜನ್ಮದ ಪುಣ್ಯ. ಓದು ಎಂಬುದು ನಮ್ಮ ಮನೆಯಲ್ಲಿ ತರಕಾರಿಯ ಜೊತೆ ಕೊಸರಿಗೆ ಬರುವ ಕೊತ್ತಂಬರಿಯ ಹಾಗೆ. ಅದಕ್ಕೇ ಅಂತ ಯಾರೂ ಮನೆ ಬಿಟ್ಟು ಹೊರಡಬಾರದು. ಹಾಗಾಗಿ ಓದಬೇಕೆನಿಸಿದಾಗಲೆಲ್ಲ ಮನೆಯಲ್ಲಿ ಏನೋ ಒಂದು ಮುಗಿದುಹೋಗಿರುತ್ತಿತ್ತು. ಮುಗಿಯದಿದ್ದರೆ ನಾನೇ ಮುಗಿಸುತ್ತಿದ್ದೆ. ಈರನಗೆರೆ ಬದನೆಕಾಯಿ, ವೀಳ್ಯದೆಲೆ, ಒಂದು ಮೊಳ ಮಲ್ಲಿಗೆ ಚೀಲಕ್ಕೆ ಬಿದ್ದ ಮೇಲೆ ವಾಚನಾಲಯದ ಮೆಟ್ಟಿಲು. ಚೀಲ ಹೊರಗಿಡಬೇಕೆಂಬುದು ಅಲ್ಲಿಯ ಕಟ್ಟುನಿಟ್ಟು. ಬಾಗಿಲ ಬಳಿ ಕೂತಿರುತ್ತಿದ್ದವರು ನನ್ನ ಚೀಲ ನೋಡಿಯೇ ತಿಥಿ ಹೇಳಬಲ್ಲವರಾಗಿದ್ದರು. ಗರಿಕೆ ಇಣುಕಿದರೆ ಸಂಕಷ್ಟಿ, ಬೂದುಗುಂಬಳಕಾಯಿ ಇದ್ದರೆ ಅಮಾವಾಸ್ಯೆ.

ಪುಸ್ತಕವನ್ನಾದರೆ ಟಿಕೆಟ್ಟು ಕೊಟ್ಟು ಮನೆಗೆ ಒಯ್ಯಬಹುದು. ವಾರಪತ್ರಿಕೆ, ಮಾಸಪತ್ರಿಕೆಗಳನ್ನು ಅಲ್ಲೇ ಕೂತು ಓದಿ ಅಲ್ಲೇ ಬಿಟ್ಟು ಬರಬೇಕು. ನನ್ನ ಅಷ್ಟಿಷ್ಟು ವಿದ್ಯೆಗೆಲ್ಲ ಈ ಒಂದು ನಿಯಮವೇ ಮೂಲ.

ಎಸ್.ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರ ಹಾಕಿಕೊಟ್ಟರು. ಪುಸ್ತಕ ಇರುವುದು ಬಳಕೆಗೆ ಎಂಬಲ್ಲಿಂದ ಶುರುವಾಗಿ, ನಾಲ್ಕನೆಯದು ಓದುಗನ ಸಮಯ ಉಳಿಸಬೇಕು ಎನ್ನುತ್ತದೆ. ಆ ಮಹಾನುಭಾವರು ಕೊನೆಗಾಲದಲ್ಲಿ ಬೆಂಗಳೂರಿನಲ್ಲೇ ನೆಲೆಸಿದ್ದವರು. ಒಂದು ಭಾನುವಾರ ನಮ್ಮೂರಿನ ವಾಚನಾಲಯಕ್ಕೆ ಬಂದು ಕೂತಿದ್ದರೆ ನಾಲ್ಕನೆಯ ಸೂತ್ರವನ್ನು ವಾಪಸು ಪಡೆಯುತ್ತಿದ್ದರೋ ಏನೋ. ಅಲ್ಲಿಗೆ ಬರುತ್ತಿದ್ದ ಹಿರಿಯರ ಕಷ್ಟವೇ ಉಳಿದ ಸಮಯವನ್ನು ಎಲ್ಲಿ ಸುರಿಯುವುದು ಎಂದು. ಮನೆಯಲ್ಲಿದ್ದರೆ ಮಾವಿನಕಾಯಿ ಹೆಚ್ಚಲು ಕರೆಯುತ್ತಾರೆ, ಗ್ಯಾಸಿನವನು ಬರುವವರೆಗೆ ಕಾಯಲು ಹೇಳುತ್ತಾರೆ. ಇಲ್ಲಿ ಫ್ಯಾನಿದೆ, ‘ನಿಶ್ಶಬ್ದ’ ಎಂಬ ಬೋರ್ಡಿದೆ, ‘ಸುಧಾ’ ಇದೆ.

ರಂಗನಾಥನ್ ಬರೆಯದೆ ಬಿಟ್ಟ ಆರನೆಯ ಸೂತ್ರವೊಂದಿತ್ತು: ಪತ್ರಿಕೆ ಯಾರ ತೊಡೆಯ ಕೆಳಗಿದೆಯೋ ಅವರದು. ಒಬ್ಬರು ‘ತರಂಗ’ವನ್ನು ಕೈಯಲ್ಲಿ ಹಿಡಿದು, ‘ಮಯೂರ’ದ ಮೇಲೆ ಮೊಣಕೈ ಊರಿ, ‘ಸುಧಾ’ದ ಮೇಲೆ ಕೂತಿರುತ್ತಿದ್ದರು. ಮೂರರಲ್ಲಿ ಯಾವುದನ್ನು ಓದುತ್ತಿದ್ದಾರೆಂದು ಹೇಳುವುದು ಕಷ್ಟ, ಏಕೆಂದರೆ ಕಣ್ಣು ಮುಚ್ಚಿರುತ್ತಿತ್ತು. ಇನ್ನೊಬ್ಬರು ಪದಬಂಧದವರು, ಜೇಬಿನಿಂದ ಪೆನ್ನು ತೆಗೆದು, ಸುತ್ತ ಒಮ್ಮೆ ನೋಡಿ, ಎಡದಿಂದ ಬಲಕ್ಕೆ ಒಂದು ಬರೆದು ಪೆನ್ನು ಜೇಬಿಗೆ ಸೇರಿಸಿ ಸಾಧುವಾಗಿ ಕೂರುತ್ತಿದ್ದರು. ಮೇಲಿನಿಂದ ಕೆಳಕ್ಕೆ ಬರುವ ಹೊತ್ತಿಗೆ ಮಧ್ಯಾಹ್ನ. ಮಹಿಳೆಯರಿಗೆಂದು ಒಂದು ಮೇಜು ಮೀಸಲಿತ್ತು. ಅದರ ಮೇಲಿನ ಫ್ಯಾನು ಜೋರಾಗಿ ತಿರುಗುತ್ತಿದ್ದ ಕಾರಣ ಅಲ್ಲಿ ಗಂಡಸರು ಕೂರುತ್ತಿದ್ದರು. (ಅವರು ಯಾರು ಯಾರೆಂದು ಹೇಳುವುದಿಲ್ಲ. ಊರಿನಲ್ಲಿ ಇನ್ನೂ ಬಾಳಬೇಕಾದವಳು ನಾನು.)

ಎದುರು ಕುರ್ಚಿಯವರು ‘ಸುಧಾ’ ಬಿಡುವವರೆಗೆ ಸುಮ್ಮನೆ ಕೂರಲಾಗದಲ್ಲ. ಯಾರೂ ಮುಟ್ಟದೆ ಮೇಜಿನ ಮೇಲೆ ಬಿದ್ದಿರುತ್ತಿದ್ದ ಪತ್ರಿಕೆಗಳು ನನ್ನ ಪಾಲಿಗೆ ಬಂದವು. ಅದರಲ್ಲಿ ಮುಖ್ಯವಾದದ್ದು 1988ರಿಂದ ಪುತ್ತೂರಿನಿಂದ ಹೊರಡುತ್ತಿರುವ ‘ಅಡಿಕೆ ಪತ್ರಿಕೆ’. ಸಂಪಾದಕ ಶ್ರೀ ಪಡ್ರೆಯವರು ರೈತರ ಕೈಗೇ ಪೆನ್ನು ಕೊಟ್ಟು ಬರೆಸಿದ ಪತ್ರಿಕೆ ಅದು. ಅಡಿಕೆ ಮರವನ್ನು ನಾನು ಹತ್ತಿರದಿಂದ ನೋಡಿದ್ದೇ ಮದುವೆಯ ಚಪ್ಪರದಲ್ಲಿ. ಆದರೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವುದನ್ನು ನಿದ್ದೆಗಣ್ಣಿನಲ್ಲೂ ಹೇಳಬಲ್ಲೆ: ಶೇ. 1ರ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕೇ ಹೊರತು ಸುಣ್ಣವನ್ನು ಮೈಲುತುತ್ತಿಗಲ್ಲ. ಆಮೇಲೆ ಹರಿತ ಚೂರಿ ಅದ್ದಿ ನೋಡಬೇಕು; ಅಲಗು ಕೆಂಪಗಾದರೆ ಸುಣ್ಣ ಸಾಲದು ಎಂದರ್ಥ. ಮುಂಗಾರಿಗೆ ಮುಂಚೆ ಒಂದು ಸಲ, ಒಂದೂವರೆ ತಿಂಗಳು ಬಿಟ್ಟು ಇನ್ನೊಂದು ಸಲ. ಇಷ್ಟಕ್ಕೂ ಇದು ಹುಟ್ಟಿದ್ದು 1880ರ ದಶಕದಲ್ಲಿ, ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಳಲ್ಲಿ. ದಾರಿಹೋಕರು ಹಣ್ಣು ಕಿತ್ತು ತಿನ್ನದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ಬಳಿದ ನೀಲಿ ಪಾಕ ರೋಗವನ್ನೂ ಓಡಿಸಿತು ಎಂದು ಕಥೆ.

ಈ ವಿದ್ಯೆ ಶಿರಸಿಯಲ್ಲೊಂದು ಮದುವೆಯಲ್ಲಿ ಪ್ರಯೋಜನಕ್ಕೆ ಬಂತು. ಊಟದ ಪಂಕ್ತಿಯಲ್ಲಿ ಪಕ್ಕದವರು ಔಷಧಿ ಹೊಡೆದರೂ ಕೊಳೆ ನಿಲ್ಲಲಿಲ್ಲ ಎಂದು ಅಲವತ್ತುಕೊಳ್ಳುತ್ತಿದ್ದರು. “ಚೂರಿ ಅದ್ದಿ ನೋಡಿದ್ರಾ?” ಎಂದೆ. ಪಂಕ್ತಿ ನಿಶ್ಶಬ್ದವಾಯಿತು. ಹೋಳಿಗೆ ಬಡಿಸುವವರೂ ನಿಂತರು. “ನಿಮ್ಮದು ಎಷ್ಟು ಎಕರೆ ತೋಟ?” ಎಂದು ಯಜಮಾನರು ಗೌರವದಿಂದ ಕೇಳಿದಾಗ, ತಾರಸಿಯ ಮೇಲಿನ ತುಳಸಿ ಕುಂಡವನ್ನು ಎಕರೆಗೆ ಪರಿವರ್ತಿಸಲಾಗದೆ, “ನೀರಿನದೇ ತಾಪತ್ರಯ” ಎಂದು ತೇಲಿಸಿಬಿಟ್ಟೆ. ಅಂದು ನನಗೆ ಬಿದ್ದ ಹೋಳಿಗೆಯ ಲೆಕ್ಕ ‘ಸುಧಾ’ ಓದಿದ ಯಾರಿಗೂ ಬಿದ್ದಿರಲಾರದು.

ಹೀಗೆಯೇ ‘ಬಾಲವಿಜ್ಞಾನ’, ಹೀಗೆಯೇ ‘ಯೋಜನಾ’. ‘ಸೋವಿಯತ್ ಲ್ಯಾಂಡ್’ ಅಂತ ನುಣುಪು ಕಾಗದದ್ದೊಂದು ಬರುತ್ತಿತ್ತು. ಅದರ ಹಳೆಯ ಸಂಚಿಕೆಗಳು ನೋಟ್‌ಬುಕ್ಕಿಗೆ ಬೈಂಡು ಹಾಕಲು ಬಹಳ ಚೆನ್ನ. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದಾಗ ಪ್ರಪಂಚದ ಬೇರೆ ಕಡೆ ಏನೇನು ಚಿಂತೆಯಾಯಿತೋ, ನಮ್ಮ ಬೀದಿಯ ತಾಯಂದಿರು ಜೂನ್ ತಿಂಗಳಲ್ಲಿ ಬೈಂಡಿಂಗಿಗೆ ಏನು ಗತಿ ಎಂದು ಚಿಂತಿಸಿದ್ದಂತೂ ನಿಜ. ಇನ್ನೊಮ್ಮೆ ಕಾದು ಕಾದು ಬೇಸತ್ತು ‘ಕೊರವಂಜಿ’ಯ ಹಳೆಯ ಸಂಪುಟಕ್ಕೆ ಕೈ ಹಾಕಿದೆ. ಡಾ. ಎಂ. ಶಿವರಾಂ, ಅಂದರೆ ‘ರಾಶಿ’ಯವರು 1942ರಿಂದ 1967ರವರೆಗೆ ನಡೆಸಿದ ನಗೆಪತ್ರಿಕೆ, ನಮ್ಮ ಮೈಸೂರಿನ ಹುಡುಗ ಆರ್.ಕೆ. ಲಕ್ಷ್ಮಣ್ ಎಳವೆಯಲ್ಲಿ ಚಿತ್ರ ಬರೆದದ್ದು ಅದಕ್ಕೆ. ಅದನ್ನು ‘ನಿಶ್ಶಬ್ದ’ ಬೋರ್ಡಿನ ಕೆಳಗೆ ಕೂತು ಓದುವುದು ಶಿಕ್ಷೆ. ಸೆರಗು ಬಾಯಿಗೆ ತುರುಕಿಕೊಂಡು ಹೊರಗೆ ಓಡಿದಾಗ, ಬಾಗಿಲ ಬಳಿಯವರು ಯಾರೋ ತೀರಿಕೊಂಡ ಸುದ್ದಿ ಬಂದಿರಬೇಕೆಂದು ಎದ್ದು ನಿಂತರು.

ಲಕ್ಷ್ಮಣ್ ಅವರ ಅಣ್ಣನ ಅದೃಷ್ಟ ಮಾತ್ರ ಬೇರೆ. ಆರ್.ಕೆ. ನಾರಾಯಣ್ ಅವರ ತಂದೆ ಕೃಷ್ಣಸ್ವಾಮಿ ಅಯ್ಯರ್ ಮಹಾರಾಜ ಕಾಲೇಜಿಯೇಟ್ ಹೈಸ್ಕೂಲಿನ ಹೆಡ್‌ಮಾಸ್ಟರು. ಶಾಲೆಯ ಲೈಬ್ರರಿಗೆ ಬರುತ್ತಿದ್ದ ‘ಸ್ಟ್ರ್ಯಾಂಡ್’, ‘ಲಂಡನ್ ಮರ್ಕ್ಯುರಿ’ ಮುಂತಾದ ಪತ್ರಿಕೆಗಳು ಮನೆಗೇ ಬರುತ್ತಿದ್ದುದನ್ನು ‘ಮೈ ಡೇಸ್’ನಲ್ಲಿ ನಾರಾಯಣ್ ನೆನೆದಿದ್ದಾರೆ. ಎದುರು ಕುರ್ಚಿಯಿಲ್ಲ, ಮೊಣಕೈಯಿಲ್ಲ, ಪದಬಂಧದವರಿಲ್ಲ. ಬೇಕಾದದ್ದು ಬೇಕಾದಾಗ ಸಿಕ್ಕಿತು. ಅವರು ಮಾಲ್ಗುಡಿ ಕಟ್ಟಿದರು. ಬೇಕಾದದ್ದು ಸಿಗದ ನಾವು ಮೈಲುತುತ್ತು ಕಲಿತೆವು.

ಮದುವೆಯಾದ ಮೇಲೆ ಮಾರ್ಕೆಟ್ಟಿನ ನೆಪ ಬೇಕಾಗಲಿಲ್ಲ. ಅದಕ್ಕೆ ನನ್ನ ಅತ್ತೆಯವರ ವಿದ್ಯಾಭಿಮಾನ ಕಾರಣವಲ್ಲ, ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ, 1965 ಕಾರಣ. ಮನೆ ಕಂದಾಯ ಕಟ್ಟಿ ಬಂದ ದಿನ ಅತ್ತೆ ರಸೀದಿಯನ್ನು ಸಾಲುಸಾಲಾಗಿ ಓದಿಸಿದರು. ಗ್ರಂಥಾಲಯ ಕರ ಎಂದಿತ್ತು. “ಅದೇನದು?” ಎಂದರು. ಕಂದಾಯದ ರೂಪಾಯಿಗೆ ಆರು ಪೈಸೆ ಲೈಬ್ರರಿಗೆ ಹೋಗುತ್ತದೆ ಎಂದೆ. ಅವರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು, ಮೂರು ತಲೆಮಾರಿನಿಂದ ಈ ಮನೆಯವರು ಕಟ್ಟಿದ ಆರಾರು ಪೈಸೆಯನ್ನೆಲ್ಲ ಮನಸ್ಸಿನಲ್ಲೇ ಕೂಡಿಸಿದರು. (ಮೊದಲ ಎರಡು ತಲೆಮಾರಿನ ಹೊತ್ತಿಗೆ ಆ ಕಾಯ್ದೆಯೇ ಇರಲಿಲ್ಲ ಎಂದು ಹೇಳುವ ಧೈರ್ಯ ನನಗಾಗಲಿಲ್ಲ.) “ಹೋಗಿ ಓದ್ಕೊಂಡು ಬಾಮ್ಮ. ನಮ್ಮ ದುಡ್ಡಲ್ಲಿ ಬೇರೆಯೋರು ಓದ್ತಾ ಇದಾರೆ” ಎಂದು ಅವರೇ ಅಟ್ಟತೊಡಗಿದರು. ಸೋಮವಾರ ರಜೆ ಎಂಬುದನ್ನು ಹೇಗೋ ಒಪ್ಪಿದರು. ಎರಡನೆಯ ಮಂಗಳವಾರವೂ ರಜೆ ಎಂದಾಗ ನಾನೇ ಕಟ್ಟುತ್ತಿರುವ ಕಥೆಯೆಂದು ಬಹಳ ದಿನ ನಂಬಲಿಲ್ಲ.

ತಂದ ಪುಸ್ತಕಗಳ ಬೆನ್ನ ಮೇಲಿನ 894.814 ಎಂಬ ಅಂಕಿ ಅವರಿಗೆ ಬೆಲೆಯ ಹಾಗೆ ಕಂಡು ಒಮ್ಮೆ ಎದೆ ಹಿಡಿದುಕೊಂಡರು. ಅದು 1876ರಲ್ಲಿ ಅಮೆರಿಕದ ಮೆಲ್ವಿಲ್ ಡ್ಯೂಯಿ ಶುರುಮಾಡಿದ ವರ್ಗೀಕರಣದಲ್ಲಿ ಕನ್ನಡ ಸಾಹಿತ್ಯಕ್ಕೆ ಸಿಕ್ಕಿರುವ ಜಾಗ. ಪಂಪನಿಂದ ತ್ರಿವೇಣಿಯವರೆಗೆ ಎಲ್ಲರೂ ಆ ದಶಾಂಶ ಬಿಂದುವಿನ ಆಚೆ ಇಕ್ಕಟ್ಟಿನಲ್ಲಿ ಸಂಸಾರ ಮಾಡುತ್ತಿದ್ದಾರೆ.

ಸಾಕ್ಷ್ಯಚಿತ್ರದ ಹುಚ್ಚು ಹಿಡಿದದ್ದೂ ಪತ್ರಿಕೆಗಳಿಂದಲೇ. ಅಲ್ಲಿಯವರೆಗೆ ಡಾಕ್ಯುಮೆಂಟರಿ ಎಂದರೆ ಟಾಕೀಸಿನಲ್ಲಿ ಸಿನಿಮಾಕ್ಕೆ ಮುಂಚೆ ಬಿಡುತ್ತಿದ್ದದ್ದು. 1948ರಲ್ಲಿ ಹುಟ್ಟಿದ ಫಿಲಂಸ್ ಡಿವಿಷನ್ನಿನವರು ಪಾಪ ಅಣೆಕಟ್ಟು, ಪ್ರವಾಹ, ಜಾನುವಾರು ಪ್ರದರ್ಶನ ಎಲ್ಲವನ್ನೂ ಶ್ರದ್ಧೆಯಿಂದ ತೆಗೆದರು. ನಮ್ಮೂರಿನವರು ಅದನ್ನು ಕಡಲೆಕಾಯಿ ಕೊಳ್ಳುವುದಕ್ಕೆ ಸರ್ಕಾರ ಕೊಟ್ಟ ಕಾಲಾವಕಾಶವೆಂದು ತಿಳಿದರು. “ಇನ್ನೂ ನ್ಯೂಸ್ ರೀಲ್ ಬಿಟ್ಟಿದಾರೆ, ನಿಧಾನಕ್ಕೆ ಬನ್ನಿ” ಎಂಬುದು ತಡವಾಗಿ ಬಂದವರಿಗೆ ಹೇಳುವ ಸಮಾಧಾನ.

ವಿಸಿಆರ್ ಬಾಡಿಗೆಗೆ ತರುವ ಕಾಲ ಬಂದಾಗ ನಮ್ಮ ಹಿಂದಿನ ಗಲ್ಲಿಯ ವಿಡಿಯೋ ಲೈಬ್ರರಿಗೆ ಹೋಗಿ ಡಾಕ್ಯುಮೆಂಟರಿ ಕೇಳಿದೆ.

“ಯಾರದಕ್ಕಾ? ವಿಷ್ಣೂದಾ, ಅಂಬರೀಶಂದಾ?”

“ಯಾರದೂ ಅಲ್ಲಪ್ಪ. ಕಾಡು, ಪ್ರಾಣಿ ಇರುತ್ತೆ.”

“ಹಂಗನ್ನಿ ಮತ್ತೆ” ಎಂದು ‘ಗಂಧದ ಗುಡಿ’ ತೆಗೆದುಕೊಟ್ಟ. ಕಾಡಿತ್ತು, ಆನೆಯಿತ್ತು, ಮೇಲಿಂದ ರಾಜ್‌ಕುಮಾರ್. ಆ ಹುಡುಗ ಕಾಲಜ್ಞಾನಿ ಎಂದು ತಿಳಿಯಲು 2022ರವರೆಗೆ ಕಾಯಬೇಕಾಯಿತು. ಪುನೀತ್ ತೀರಿಕೊಂಡು ವರ್ಷವಾಗುವ ಹೊತ್ತಿಗೆ ಬಂದ ಅವರ ‘ಗಂಧದ ಗುಡಿ’ ಕರ್ನಾಟಕದ ಕಾಡುಗಳ ಮೇಲಿನ ಡಾಕ್ಯುಮೆಂಟರಿಯೇ ಆಗಿತ್ತು.

ನಿಜವಾದ ಸಾಕ್ಷ್ಯಚಿತ್ರಗಳು ಮನೆಗೆ ಬಂದದ್ದು ಡಿವಿಡಿ ಕಾಲದಲ್ಲಿ. ಪಕ್ಕದ ಮನೆಯ ಹುಡುಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದು, ಅಲ್ಲಿಯ ಒಂದು ಲೈಬ್ರರಿಯಿಂದ ಎರವಲು ತಂದು ಶನಿವಾರ ನಮಗೂ ಕೊಡುತ್ತಿದ್ದ. ನೋಡುವುದಕ್ಕೆ ಅತ್ತೆಯವರೂ ಕೂರುತ್ತಿದ್ದರು. ಅಂಥ ವಿಮರ್ಶಕರನ್ನು ನಾನು ಯಾವ ಪತ್ರಿಕೆಯಲ್ಲೂ ಕಂಡಿಲ್ಲ. ನಮ್ಮ ಮೈಸೂರಿನವರೇ ಆದ ಕೃಪಾಕರ–ಸೇನಾನಿ ಸೀಳುನಾಯಿಗಳ ಬೆನ್ನು ಹತ್ತಿ ತೆಗೆದ ‘ವೈಲ್ಡ್ ಡಾಗ್ ಡೈರೀಸ್’ ಹಾಕಿದ ದಿನ ಅತ್ತೆ ಕಾಫಿ ಲೋಟ ಕೆಳಗಿಟ್ಟರು. “ಜಿಂಕೆ ಅಷ್ಟು ಒದ್ದಾಡ್ತಿದೆ, ಕ್ಯಾಮೆರಾ ಹಿಡಿದಿರೋನು ಸುಮ್ನೆ ನಿಂತಿದಾನಲ್ಲೇ! ಒಂದು ಕಲ್ಲು ಬೀಸೋಕೇನು ಧಾಡಿ?” ವನ್ಯಜೀವಿ ಚಿತ್ರೀಕರಣದ ನೀತಿಯನ್ನೆಲ್ಲ ವಿವರಿಸಿದೆ, ಕೇಳಲಿಲ್ಲ. 1997ರಲ್ಲಿ ವೀರಪ್ಪನ್ ಇವರಿಬ್ಬರನ್ನು ಹೊತ್ತೊಯ್ದು 14 ದಿನ ಕಾಡಿನಲ್ಲಿ ಇಟ್ಟುಕೊಂಡಿದ್ದ ಸಂಗತಿ ಹೇಳಿದೆ. ತಕ್ಷಣ ಮೆತ್ತಗಾದರು. “ಅವನನ್ನೇ ನೋಡ್ಕೊಂಡು ಕೂತಿದ್ದೋರಿಗೆ ನಾಯಿ ಯಾವ ಲೆಕ್ಕ, ಪಾಪ. ಹಾಕು, ಮುಂದಕ್ಕೆ ಹಾಕು.”

ಇನ್ನೊಂದು ಶನಿವಾರ ‘ಎಲಿಫೆಂಟ್ ಬಾಯ್’ ಬಂತು. ‘ನಾನೂಕ್ ಆಫ್ ದ ನಾರ್ತ್’ ತೆಗೆದು ಸಾಕ್ಷ್ಯಚಿತ್ರದ ಪಿತಾಮಹ ಎನಿಸಿಕೊಂಡ ರಾಬರ್ಟ್ ಫ್ಲಾಹರ್ಟಿ 1935ರಲ್ಲಿ ಮೈಸೂರಿಗೆ ಬಂದು, ಕಾರಾಪುರದ ಮಾವುತನ ಮಗ ಸಾಬುವನ್ನು ಹಿಡಿದು ತೆಗೆಯಲು ಹೊರಟ ಚಿತ್ರ. ಆತನಿಗೆ ಬೇಕಾದದ್ದು ಆನೆ, ಕಾಡು, ಹುಡುಗ. ದುಡ್ಡು ಹಾಕಿದ್ದ ಲಂಡನ್ನಿನ ಕೊರ್ಡಾ ಅವರಿಗೆ ಬೇಕಾದದ್ದು ಕಥೆ. ಕೊನೆಗೆ ಅರ್ಧ ಇಲ್ಲಿಯ ಕಾಡಿನಲ್ಲಿ, ಇನ್ನರ್ಧವನ್ನು ಇಂಗ್ಲೆಂಡಿನ ಡೆನ್‌ಹ್ಯಾಮ್ ಸ್ಟುಡಿಯೋದಲ್ಲಿ ಜೋಲ್ಟಾನ್ ಕೊರ್ಡಾ ತೆಗೆದು, 1937ರಲ್ಲಿ ಬಿಡುಗಡೆಯಾಯಿತು. ಎಲ್ಲಿ ಹೊಲಿಗೆ ಬಿದ್ದಿದೆ ಎಂದು ಸಿನಿಮಾ ಪಂಡಿತರು ಪುಟಗಟ್ಟಲೆ ಬರೆದಿದ್ದಾರೆ. ಹೆಗ್ಗಡದೇವನಕೋಟೆಯ ಕಡೆ ಹುಟ್ಟಿ ಬೆಳೆದ ಅತ್ತೆ ಬಿದಿರುಮೆಳೆ ನೋಡಿಕೊಂಡು, “ಇದು ನಮ್ಮದು… ಇದು ನಮ್ಮದು… ಇದು ನಮ್ಮದಲ್ಲ” ಎನ್ನುತ್ತ ಹೋದರು. ಆಮೇಲೆ ಆ ಹುಡುಗ ಏನಾದ ಎಂದರು. ಹಾಲಿವುಡ್ಡಿಗೆ ಹೋದ, ಯುದ್ಧದಲ್ಲಿ ಅಮೆರಿಕದ ವಿಮಾನದಲ್ಲಿ ಹಾರಿದ, 39ಕ್ಕೇ ಹೋಗಿಬಿಟ್ಟ ಎಂದೆ. “ದೃಷ್ಟಿ ತೆಗೆಯೋರು ಇರಲಿಲ್ಲ ಅಲ್ಲಿ” ಎಂದು ತೀರ್ಪು ಕೊಟ್ಟು ಒಳಗೆ ಹೋದರು.

2020ರಲ್ಲಿ ಸರ್ಕಾರದ ಡಿಜಿಟಲ್ ಗ್ರಂಥಾಲಯ ಬಂತು. ಮಗಳು ಫೋನಿಗೆ ಹಾಕಿಕೊಟ್ಟು, “ಅಮ್ಮಾ, ಏನು ಬೇಕೋ ಇಲ್ಲಿ ಟೈಪ್ ಮಾಡು” ಎಂದಳು. ಏನು ಬೇಕು? ವಾಚನಾಲಯದಲ್ಲಿ ಇಷ್ಟು ವರ್ಷದಲ್ಲಿ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಬೇಕಾದದ್ದನ್ನು ಟೈಪ್ ಮಾಡಿದೆ, ಬೇಕಾದದ್ದೇ ಬಂತು, ಓದಿದೆ. ಮೊಣಕೈ ಅಡ್ಡ ಇಡುವವರೇ ಇಲ್ಲದ ಮೇಲೆ ಅಡಿಕೆಯ ಸುದ್ದಿ ನನಗೆ ಹೇಳುವವರು ಯಾರು?

ಹೀಗಾಗಿ ಈಗಲೂ ಸೋಮವಾರ ಬಿಟ್ಟು, ಎರಡನೆಯ ಮಂಗಳವಾರ ಬಿಟ್ಟು ಹೋಗುತ್ತೇನೆ. ಮೊಣಕೈಯವರೂ ಪದಬಂಧದವರೂ ಈಗಿಲ್ಲ. ಕುರ್ಚಿಗಳ ತುಂಬ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು. ಬೆಳಿಗ್ಗೆ ಬಾಗಿಲು ತೆಗೆಯುವ ಮುಂಚೆಯೇ ಬ್ಯಾಗು ಹಿಡಿದು ಸಾಲು ನಿಂತಿರುತ್ತಾರೆ. ‘ಸುಧಾ’ ಮೇಜಿನ ಮೇಲೆ ಯಾರಿಗೂ ಬೇಡವಾಗಿ ಬಿದ್ದಿರುತ್ತದೆ; ಕೈಗೆತ್ತಿಕೊಂಡರೆ ಗೆದ್ದ ಖುಷಿಯೇ ಬರುವುದಿಲ್ಲ. ಮೊನ್ನೆ ಹಾಗೆ ಕೂತಿದ್ದಾಗ ಪಕ್ಕದ ಇಬ್ಬರು ಹುಡುಗರು ಪಿಸುಮಾತಿನಲ್ಲಿ ಪ್ರಶ್ನೆ ಕೇಳಿಕೊಳ್ಳುತ್ತಿದ್ದರು. ಬೋರ್ಡೋ ದ್ರಾವಣದಲ್ಲಿ ಇರುವುದೇನು? “ಗಂಧಕ ಕಣೋ” ಎಂದ ಒಬ್ಬ. ನನಗೆ ತಡೆಯಲಾಗಲಿಲ್ಲ.

“ಮೈಲುತುತ್ತು, ಸುಣ್ಣ. ಕಿಲೋಗೆ ಕಿಲೋ. ಮೈಲುತುತ್ತನ್ನ ಸುಣ್ಣಕ್ಕೆ ಸುರೀಬೇಕು, ಸುಣ್ಣಾನ ಮೈಲುತುತ್ತಿಗಲ್ಲ.”

ಹುಡುಗ ಬರೆದುಕೊಂಡ. ಕತ್ತು ಬಗ್ಗಿಸಿ ಮುಂದಿನ ಪ್ರಶ್ನೆಯನ್ನು ನನಗೇ ಕೇಳಿದ: ಗ್ರಂಥಾಲಯ ಕರ ಎಷ್ಟು?

“ರೂಪಾಯಿಗೆ ಆರು ಪೈಸೆ. ಕಾಯ್ದೆ 1965ರದು.”

ಇಬ್ಬರೂ ಮುಖ ಮುಖ ನೋಡಿಕೊಂಡರು. ಆಮೇಲೆ ಬರೆದುಕೊಂಡವನು ಕುರ್ಚಿಯನ್ನು ಸ್ವಲ್ಪ ಆಚೆ ಸರಿಸಿಕೊಂಡು, ಆತಂಕದಿಂದ ಕೇಳಿದ:

“ಆಂಟಿ, ನೀವೂ ಪಿಡಿಒಗೆ ಅಪ್ಲಿಕೇಶನ್ ಹಾಕಿದ್ದೀರಾ?”