ಎಲ್ಲ ಗುಡಿಯನ್ನೂ ಸುತ್ತಿ ಬಂದ ಹುಡುಗ

"ಏನವ್ವ, ನಮ್ಮುಡುಗ ಮಸೀದಿಗೂ ಹೋಗವ್ನಂತೆ, ಚರ್ಚಿಗೂ ಹೋಗವ್ನಂತೆ. ಓದ್ಲಿ ಅಂತ ಕಳಿಸುದ್ರೆ ಇದೇನವ್ವ ಇವನ ಕತೆ?"

ಪಕ್ಕದ ಮನೆಯ ಅಕ್ಕ ಮೊರದ ತುಂಬ ಅವರೆಕಾಯಿ ಹಾಕಿಕೊಂಡು ಬೇಲಿ ಪಕ್ಕ ಬಂದು ಕೂತಳು ಅಂದರೆ ಒಂದು ಗಂಟೆ ಮಾತು ಗ್ಯಾರಂಟಿ. ಮಗ ಮಂಗಳೂರಿನಲ್ಲಿ ಡಿಗ್ರಿ ಓದುತ್ತಾನೆ. ಭಾನುವಾರ ಬಂತೆಂದರೆ ಸಿಟಿ ಬಸ್ಸು ಹತ್ತಿ ಒಂದು ದೇವಸ್ಥಾನಕ್ಕೋ ಪಳ್ಳಿಗೋ ಇಗರ್ಜಿಗೋ ಹೋಗಿ, ಸುಮ್ಮನೆ ಒಂದಷ್ಟು ಹೊತ್ತು ಕೂತು ಬರುತ್ತಾನೆ. ಕ್ರಿಸ್‌ಮಸ್ ರಜಕ್ಕೆ ಬಂದವನ ಮೊಬೈಲಿನಲ್ಲಿ ಅವೇ ಫೋಟೋ. ಕರಾವಳಿಯ ಗಲಾಟೆಗಳನ್ನು ಟೀವಿಯಲ್ಲಿ ನೋಡಿರುವ ತಾಯಿಗೆ ಭಯ ಇದ್ದೇ ಇರುತ್ತದೆ. ಆದರೂ ನಾನು ಹುಡುಗನ ಪಕ್ಷ.

"ಅಲ್ಲ ಅಕ್ಕ, ನಿನ್ ತವರೂರಲ್ಲಿ ಬಾಬಯ್ಯನ ಹಬ್ಬಕ್ಕೆ, ಅದೇ ಮೊಹರಂಗೆ, ನೀನು ಸಕ್ಕರೆ ಓದಿಸ್ಕೊಂಡು ಬರ್ತಿರ್ಲಿಲ್ವಾ?"

"ಓದಿಸ್ದೆ ಇರ್ತೀವಾ? ನಮ್ಮವ್ವ ನನ್ ಹೆಸರಲ್ಲಿ ಹರಕೆ ಹೊತ್ಕಂಡಿದ್ಲು."

"ಮತ್ತೆ ಇವನು ಮಾಡಿದ್ದೇನು ಬೇರೆ?"

"ಅದು ನಮ್ಮೂರು ಕನವ್ವ!"

ಇದೇ ನೋಡಿ. ನಮ್ಮ ಸೀಮೆಯಲ್ಲಿ ಹೀಗೆ ಹೋಗಿ ಬರುವುದು ಮೊದಲಿನಿಂದ ಇದ್ದದ್ದೇ. ರಾಮನಗರದ ಪೀರನ್ ಷಾ ವಲಿ ದರ್ಗಾಕ್ಕೆ ಮಗುವಿಗೆ ಜ್ವರ ಬಂದರೆ ಯಾರು ಬೇಕಾದರೂ ಓಡುತ್ತಾರೆ. ಚನ್ನಪಟ್ಟಣದಲ್ಲಿ ಅಕೀಲ್ ಷಾ ಖಾದ್ರಿಯವರ ದರ್ಗಾ ಇದೆ, ಟಿಪ್ಪುವಿನ ಗುರುಗಳು ಅವರು ಅಂತಾರೆ. ದೊಡ್ಡಮಳೂರಿನ ಅಂಬೆಗಾಲು ಕೃಷ್ಣನಿಗೆ ತೊಟ್ಟಿಲ ಹರಕೆ ಕಟ್ಟಿದವಳೇ ಮುಂದಿನ ವಾರ ದರ್ಗಾಕ್ಕೆ ಹೋಗಿ ನವಿಲುಗರಿ ತಟ್ಟಿಸಿಕೊಂಡು ಬಂದರೆ ಯಾರೂ ಕೇಳುತ್ತಿರಲಿಲ್ಲ. ಅದನ್ನೇ ಹುಡುಗ ಬೇರೆ ಊರಿನಲ್ಲಿ ಮಾಡಿದರೆ ನಮಗೆ ಎದೆ ಡವಡವ.

ಅಷ್ಟರಲ್ಲಿ ಹುಡುಗನೇ ಬಂದ. "ಚಿಕ್ಕಮ್ಮ, ಇಲ್ನೋಡಿ" ಅಂತ ಬೇಲಿ ಮೇಲಿಂದ ಫೋನು ಚಾಚಿದ. ಮಂಗಳೂರು ಬಂದರಿನ ಜೀನತ್ ಬಕ್ಷ್ ಮಸೀದಿ. ಬ್ಯಾರಿ ಮುಸ್ಲಿಂ ಗೆಳೆಯನೊಬ್ಬ ನಮಾಜು ಮುಗಿದ ಮೇಲೆ ಒಳಗೆ ಕರಕೊಂಡು ಹೋಗಿದ್ದನಂತೆ. ಅರಬರು ಕಡಲ ವ್ಯಾಪಾರಕ್ಕೆ ಬಂದ ಕಾಲದ್ದು, ಮಾಲಿಕ್ ದೀನಾರ್ ಕಡೆಯವರು ಕಟ್ಟಿದ್ದು ಅನ್ನುವುದು ಅಲ್ಲಿನ ನಂಬಿಕೆ. ಆಮೇಲೆ ಟಿಪ್ಪು ಅದನ್ನು ಹೊಸದು ಮಾಡಿಸಿ ಮಗಳ ಹೆಸರಿಟ್ಟನಂತೆ. ಹುಡುಗ ಫೋಟೋದಲ್ಲಿ ಹಿಡಿದದ್ದು ಪೂರಾ ಮರಗೆಲಸವನ್ನೇ. ಅವನಪ್ಪ ಚನ್ನಪಟ್ಟಣದ ಕಾರ್ಖಾನೆಯೊಂದರಲ್ಲಿ ಸಾಬರ ಜೊತೆ ಕೂತು ಬೊಂಬೆ ತಿರುವುತ್ತಿದ್ದವನು. ಆಲೆಮರದ ತುಂಡು ಲೇತಿನಲ್ಲಿ ಗಿರ್‍ರನೆ ತಿರುಗುವಾಗ ಅರಗಿನ ಕಡ್ಡಿ ಒತ್ತಿ ಹಿಡಿದರೆ, ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಮೇಲೆ ತಾಳೆಗರಿ ಒತ್ತಿದರೆ ಮೆರುಗು. ಅದನ್ನು ನೋಡುತ್ತಾ ಬೆಳೆದ ಹುಡುಗನಿಗೆ ಕೆತ್ತಿದ ಮರ ಕಂಡರೆ ಕೈ ಸುಮ್ಮನಿರುತ್ತದೆಯೇ? "ಮುಟ್ ನೋಡ್ದೆ ಚಿಕ್ಕಮ್ಮ, ಎಷ್ಟು ಜನರ ಕೈ ಸೋಕಿ ನುಣ್ಣಗಾಗೈತೆ ಅಂತೀರಿ!"

ಆಮೇಲೆ ಹುಡುಗ ಇನ್ನೊಂದು ಫೋಟೋ ತೋರಿಸಿದ. ಮಿಲಾಗ್ರಿಸ್ ಇಗರ್ಜಿ. 1680ರಲ್ಲಿ ಮೊದಲು ಕಟ್ಟಿದ್ದು. 1784ರಲ್ಲಿ ಟಿಪ್ಪು ಅದನ್ನು ಕೆಡವಿಸಿ, ಕರಾವಳಿಯ ಕ್ರೈಸ್ತರನ್ನು ಹಿಡಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ದಾರಿಯಲ್ಲೇ ಎಷ್ಟೋ ಜನ ಸತ್ತರು. 1799ರಲ್ಲಿ ಟಿಪ್ಪು ಸತ್ತ ನಂತರ ಉಳಿದವರು ವಾಪಸು ಹೋಗಿ ಮತ್ತೆ ಇಗರ್ಜಿ ಎಬ್ಬಿಸಿದರು.

"ಅಂಗಾರೆ ಮಸೀದಿ ಚೆಂದ ಮಾಡಿಸ್ದೋನೂ ಅವನೇ, ಇದನ್ನ ಕೆಡವಿಸ್ದೋನೂ ಅವನೇನಾ?" ಅಂದಳು ಅಕ್ಕ.

"ಹೂಂ ಕನವ್ವ."

ಅಕ್ಕ ಸ್ವಲ್ಪ ಹೊತ್ತು ಅವರೆಕಾಯಿ ಬಿಡಿಸುತ್ತಾ ಕೂತಳು. ಇಂಥದ್ದನ್ನು ಭಾಷಣದಲ್ಲಿ ಕೇಳಿದರೆ ಅರ್ಧವೇ ಕಿವಿಗೆ ಬೀಳುತ್ತದೆ, ಹೇಳುವವನಿಗೆ ಬೇಕಾದ ಅರ್ಧ. ಎರಡೂ ಕಡೆ ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೂತವನಿಗೆ ಎರಡೂ ಅರ್ಧ ಸಿಗುತ್ತವೆ. ಹೋಗುವುದಾದರೆ ಇಪ್ಪತ್ತರ ಪ್ರಾಯದಲ್ಲೇ ಹೋಗಬೇಕು ಅನ್ನುವುದು ನನ್ನ ಮಾತು. ನಮ್ಮ ವಯಸ್ಸಿಗೆ ಬಂದ ಮೇಲೆ ತೀರ್ಮಾನವನ್ನು ಮನೆಯಿಂದಲೇ ಕಟ್ಟಿಕೊಂಡು ಹೊರಟಿರುತ್ತೇವೆ.

ಆಮೇಲೆ ಹುಡುಗ ಮಂಗಳೂರಿನದೇ ಕದ್ರಿಯ ವಿಷಯ ಹೇಳಿದ. ಮಂಜುನಾಥನ ಗುಡಿಯಲ್ಲಿ ಮೂರು ಮುಖ, ಆರು ಕೈಗಳ ಲೋಕೇಶ್ವರನ ಕಂಚಿನ ವಿಗ್ರಹ. ಪೀಠದ ಮೇಲೆ ಆಳುಪ ರಾಜ ಕುಂದವರ್ಮನ ಶಾಸನ, ಕ್ರಿ.ಶ. 968ರದು. ಬುದ್ಧನ ಕಡೆಯ ದೇವರು ಅದು ಅನ್ನುತ್ತಾರೆ ತಿಳಿದವರು. ಶಿವನ ಗುಡಿಯಲ್ಲಿ ಇವತ್ತಿಗೂ ಕೈ ಮುಗಿಸಿಕೊಳ್ಳುತ್ತಿದ್ದಾನೆ. ಅಲೋಶಿಯಸ್ ಕಾಲೇಜಿನ ಚಾಪೆಲ್ಲಿನ ಗೋಡೆ, ಚಾವಣಿ ತುಂಬ ಚಿತ್ರ. ಇಟಲಿಯಿಂದ ಬಂದ ಮೊಸ್ಕೇನಿ ಅನ್ನುವ ಬ್ರದರ್ 1899ರಲ್ಲಿ ಶುರುಮಾಡಿ ಬರೆದದ್ದು. ಗಾರೆ ಹಸಿಯಾಗಿರುವಾಗಲೇ ಬಣ್ಣ ಹಚ್ಚಿ ಮುಗಿಸಬೇಕಂತೆ, ಒಣಗಿತೋ ಕೆಟ್ಟಿತು.

"ನಿನ್ ಕೊಟ್ಟಿಗೆ ಹೆಂಚು ನೋಡವ್ವ," ಅಂದ ಹುಡುಗ ಇದ್ದಕ್ಕಿದ್ದಂತೆ. ಅಕ್ಕನ ಮಾವನವರ ಕಾಲದಲ್ಲಿ ಹೊದಿಸಿದ ಮಂಗಳೂರು ಹೆಂಚು, ಬೆನ್ನ ಮೇಲೆ ಅಚ್ಚೊತ್ತಿದ ಅಕ್ಷರಕ್ಕೆ ಪಾಚಿ ಹತ್ತಿದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು ಇಳಿದರು. ಧರ್ಮ ಸಾರಲು ಬಂದವರು 1865ರಲ್ಲಿ ಹೆಂಚಿನ ಕಾರ್ಖಾನೆಯನ್ನೂ ಹಾಕಿದರು. ನೇತ್ರಾವತಿ ದಡದ ಜೇಡಿ ಅದಕ್ಕೆ ಹೇಳಿ ಮಾಡಿಸಿದ ಮಣ್ಣು. ಅವರನ್ನು ನೋಡಿ ಬೇರೆಯವರೂ ಕಾರ್ಖಾನೆ ಹಾಕಿದರು. ದೇವಸ್ಥಾನದ ಮಾಡಿಗೂ ಅದೇ ಹೆಂಚು, ಪಳ್ಳಿಗೂ ಅದೇ, ಇಗರ್ಜಿಗೂ ಅದೇ, ಘಟ್ಟ ಹತ್ತಿ ಬಂದು ಈ ಹಸುವಿನ ತಲೆ ಮೇಲೂ ಅದೇ. ಮಳೆ ಯಾರ ಮೇಲೂ ಸೋರದಿದ್ದರೆ ಸಾಕು ನೋಡಿ.

ಹಾಗಂತ ಎಲ್ಲ ಬಾಗಿಲೂ ಎಲ್ಲರಿಗೂ ತೆರೆದೇ ಇದ್ದವು ಅಂದುಕೊಳ್ಳಬೇಡಿ. ಕುದ್ರೋಳಿಯ ಗೋಕರ್ಣನಾಥ ಗುಡಿ ಹುಟ್ಟಿದ್ದೇ ಬಾಗಿಲು ಮುಚ್ಚಿದ್ದರಿಂದ. ಬಿಲ್ಲವರನ್ನು ದೇವಸ್ಥಾನಗಳ ಒಳಕ್ಕೆ ಬಿಡುತ್ತಿರಲಿಲ್ಲ. ಅವರ ಮುಖಂಡ ಕೊರಗಪ್ಪನವರು ಕೇರಳದಿಂದ ನಾರಾಯಣ ಗುರುಗಳನ್ನು ಕರೆಸಿದರು. 1912ರಲ್ಲಿ ಗುರುಗಳು ಅಲ್ಲಿ ಶಿವಲಿಂಗ ಪ್ರತಿಷ್ಠೆ ಮಾಡಿದರು. ಬೇರೆಯವರ ಬಾಗಿಲು ಬಡಿಯುವ ಬದಲು ಎಲ್ಲರಿಗೂ ತೆರೆದಿರುವ ಬಾಗಿಲನ್ನೇ ಕಟ್ಟಿಕೊಂಡರು. ಈಗ ಮಂಗಳೂರು ದಸರಾ ಅಂದರೆ ಅದೇ ಗುಡಿ.

"ಇನ್ನೊಂದ್ ಗೊತ್ತೇನವ್ವ?" ಅಂದ ಹುಡುಗ, ದನಿ ತಗ್ಗಿಸಿ. "2013ರಲ್ಲಿ ಅಲ್ಲಿ ಗಂಡ ಸತ್ತ ಹೆಣ್ಮಕ್ಕಳನ್ನೇ ಪೂಜೆಗೆ ನೇಮಿಸುದ್ರು."

ಅಕ್ಕನ ಕೈ ನಿಂತಿತು. ಅವಳ ಗಂಡ ತೀರಿಕೊಂಡ ಮೇಲೆ ಮದುವೆ ಮನೆಯಲ್ಲಿ ಅರಿಶಿನ ಕುಂಕುಮದ ತಟ್ಟೆ ಅವಳನ್ನು ದಾಟಿ ಮುಂದಕ್ಕೆ ಹೋಗುವುದನ್ನು ನಾನು ಪಕ್ಕದಲ್ಲೇ ಕೂತು ನೋಡಿದ್ದೇನೆ. ಯಾರೂ ಬಾಯಿಬಿಟ್ಟು ಏನೂ ಅನ್ನುವುದಿಲ್ಲ. ತಟ್ಟೆ ದಾಟುತ್ತದೆ, ಅವಳು ಸೆರಗು ಸರಿಮಾಡಿಕೊಂಡು ಬೇರೆ ಕಡೆ ನೋಡುತ್ತಾಳೆ.

"ಗರ್ಭಗುಡಿ ಒಳಕ್ಕಾ?"

"ಪೂಜೆ ಅಂದ್ಮೇಲೆ ಒಳಕ್ಕೇ ಅಲ್ವೇನವ್ವ?"

"ಅವರ ಕೈಲಿ ಮಂಗಳಾರತಿ ತಗತಾರಾ ಜನ?"

"ದೇವರ ಆರತಿ ತಾನೇ, ಯಾಕ್ ತಗಳಲ್ಲ?"

"ಒಂದಪ ನನ್ನೂ ಕರಕೊಂಡೋಗ್ಲಾ," ಅಂದಳು ಅಕ್ಕ. ಮಸೀದಿ ಚರ್ಚು ಅಂತ ಬೈಯುತ್ತಾ ಬಂದವಳ ಬಾಯಿಂದಲೇ ಈ ಮಾತು ಬಂದದ್ದು ನನಗೆ ಎಷ್ಟು ಹಿತವಾಯಿತು ಅಂತೀರಿ.

"ಹೋಗಾಣ, ಹಂಗೇ ಮೂಲ್ಕಿಗೂ ಹೋಗಾಣ," ಅಂದ. ಅಲ್ಲಿ ಶಾಂಭವಿ ಹೊಳೆಯ ದಡದಲ್ಲಿ ಬಪ್ಪನಾಡಿನ ದುರ್ಗೆ. ದೋಣಿಯಲ್ಲಿ ಬರುತ್ತಿದ್ದ ಬಪ್ಪ ಬ್ಯಾರಿ ಅನ್ನುವ ಮುಸ್ಲಿಂ ವ್ಯಾಪಾರಿಯ ಕನಸಿನಲ್ಲಿ ದೇವಿ ಬಂದಳು, ಅವನೇ ಗುಡಿ ಕಟ್ಟಿಸಿದ ಅನ್ನುವುದು ಐತಿಹ್ಯ. ಜಾತ್ರೆಯಲ್ಲಿ ಅವನ ವಂಶದವರಿಗೆ ಪ್ರಸಾದದ ಗೌರವ ಈಗಲೂ ನಡೆಯುತ್ತದೆ.

"ನನ್ ಬ್ಯಾರಿ ಫ್ರೆಂಡು ಸಂಕ್ರಾಂತಿ ಟೈಮಿಗೆ ನಮ್ಮ ಅಯ್ಯನಗುಡಿ ದನಗಳ ಜಾತ್ರೆ ನೋಡಕ್ಕೆ ಬತ್ತೀನಿ ಅಂದವ್ನೆ. ಕರಕೊಂಡು ಬರ್ಲಾ ಚಿಕ್ಕಮ್ಮ?"

ನನ್ನನ್ನು ಕೇಳಿದ್ದಕ್ಕೆ ಉತ್ತರ ಕೊಟ್ಟವಳು ಅಕ್ಕ.

"ಕರಕಂಬಾ. ಹಿದುಕಿದವರೆ ಸಾರು ಮಾಡ್ತೀನಿ. ಆ ಕಡೆ ಹುಡುಗ, ಮುದ್ದೆ ನುಂಗಕ್ಕೆ ಬರ್ತದೇನ್ಲಾ ಅವನಿಗೆ? ಬರಕಿಲ್ಲ ಅಂದ್ರೆ ಈಗ್ಲೇ ಹೇಳು, ಒಂದ್ ಸೇರು ಅಕ್ಕಿ ತಂದು ಮಡಗ್ತೀನಿ."