ಅರಕೇರಿಯೊಳಗ ಶಾರ್ಕಿನ ಮಾತು

ಅರಕೇರಿಯಿಂದ ಸಮುದ್ರ ಎಷ್ಟು ದೂರ ಅಂತ ಕೇಳಿದರೆ ಬೇಲಿಯಾಚೆಯ ಕಾಕಾ, "ಮಂಗಳೂರು ಬಸ್ಸಿನ್ಯಾಗ ಒಂದು ರಾತ್ರಿ" ಅಂತಾರೆ. ಜೂನ್-ಜುಲೈ ಮೀನುಗಾರಿಕೆ ನಿಷೇಧ ಮುಗಿದು ಅಲ್ಲಿನ ದಕ್ಕೆಯಿಂದ ಬೋಟುಗಳು ಹೊರಟಾಗ ಅವುಗಳಲ್ಲಿ ದುಡಿದವರು ಅವರು. ಜಾಲಿಮುಳ್ಳಿನ ಬೇಲಿಗೆ ಮೊಣಕೈ ತಾಗದಂತೆ ನಿಂತು ಶಾರ್ಕಿನ ಸುದ್ದಿ ತೆಗೆದರೆ ಕಾಕಾನ ಬಾಯಿಗೆ ಬ್ರೇಕ್ ಇಲ್ಲ.

"ಗಾಳದ ಮಾತ ಆಮ್ಯಾಲ ತಮ್ಮಾ. ಮೊದಲ ಎರಿ ಮೀನ ಬದಕಬೇಕು!"

ಈ ಮಾತಿಗೆ ನನ್ನದೂ ಒಪ್ಪಿಗೆ. ಶಾರ್ಕಿಗೆ ಎರೆಯಾಗುವ ಬಂಗುಡೆ ಈಜುತ್ತಲೇ ಉಸಿರಾಡುವ ಮೀನು, ನಿಂತರೆ ಸತ್ತಂತೆ. ಮೂಲೆಯಿರುವ ಡಬ್ಬಿಯಲ್ಲಿ ಹಾಕಿದರೆ ಮೂತಿ ಬಡಿದುಕೊಂಡು ಸೊರಗುತ್ತದೆ. ಅದಕ್ಕೇ ದುಂಡನೆಯ ತೊಟ್ಟಿ, ಅದರಲ್ಲಿ ಸದಾ ಹರಿಯುವ ಸಮುದ್ರದ ನೀರು. ಒದ್ದೆ ಕೈಯಲ್ಲೇ ಹಿಡಿಯಬೇಕು. ಒಣಗೈಗೆ ಮೈಮೇಲಿನ ಲೋಳೆ ಕಿತ್ತು ಬರುತ್ತದೆ. ಬೆನ್ನಿನ ರೆಕ್ಕೆಯ ಮುಂದೆ, ತೊಗಲಿನಡಿ ಅಷ್ಟೇ ಗಾಳ ದಾಟಿಸಬೇಕು. ಮೂಳೆಗೆ ತಾಗಿತೋ, ಆಟ ಮುಗೀತು. ಬೋಟು ಮೆಲ್ಲಗೆ ಸಾಗುವುದಿದ್ದರೆ ತುಟಿಗೆ ಚುಚ್ಚಬೇಕು, ಆಗ ಮೀನು ಮೂತಿ ಮುಂದಾಗಿಯೇ ಈಜಿ ಬರುತ್ತದೆ. ತಂಗೂಸಿ ಶಾರ್ಕಿನ ಹಲ್ಲಿಗೆ ಯಾವ ಲೆಕ್ಕ? ಗಾಳದ ಹತ್ತಿರ ಉಕ್ಕಿನ ತಂತಿಯೇ ಬೇಕು. ಬೆಂಡಿಗೆ ಜಾತ್ರೆಯ ಬಲೂನು ಸಾಕು. ದುಂಡು ಗಾಳವಾದರೆ ಕಚ್ಚಿದ ಕೂಡಲೇ ಜಗ್ಗಬಾರದು. ಮೀನು ತಿರುಗಿ ಓಡುವಾಗ ಅದೇ ಬಾಯಿಯ ಮೂಲೆಗೆ ಸಿಕ್ಕಿಕೊಳ್ಳುತ್ತದೆ.

"ಕಾಕಾ, ನೀವು ಹಿಂಗ ಹಿಡದೀರೇನು?"

"ಏ, ಇದು ಹೌಸಿ ಮಂದಿ ಕೆಲಸಪಾ."

ಸರಿಯೇ. ಕನ್ಯಾಕುಮಾರಿ ಜಿಲ್ಲೆಯ ತೂತ್ತೂರಿನವರು ಶಾರ್ಕ್ ಹಿಡಿಯುವುದರಲ್ಲಿ ಹೆಸರಾದವರು. ನೂರಾರು ಗಾಳದ ಹಗ್ಗ ಬಿಡುವವರು ಒಂದೊಂದು ಬಂಗುಡೆಯ ಉಸಿರು ನೋಡುತ್ತ ಕೂತಾರೆಯೇ? ಅವರ ಕಸುಬೂ ಮೊದಲಿನಂತಿಲ್ಲ ಬಿಡಿ. ತಿಮಿಂಗಿಲ ಶಾರ್ಕನ್ನು 2001ರಿಂದ ಮುಟ್ಟುವಂತಿಲ್ಲ, 2015ರಲ್ಲಿ ಶಾರ್ಕ್ ರೆಕ್ಕೆಯ ರಫ್ತೂ ನಿಂತಿತು.

ಸಮುದ್ರ ದೂರ ಅಂತ ನಮ್ಮ ಜಿಲ್ಲೆಯಲ್ಲಿ ಶಾರ್ಕೇ ಇಲ್ಲ ಅನ್ನಬೇಡಿ. ಕೃಷ್ಣೆಯ ಬಾಳೆ ಮೀನನ್ನು ಇಂಗ್ಲಿಷಿನಲ್ಲಿ ಸಿಹಿನೀರಿನ ಶಾರ್ಕ್ ಅಂತಲೂ ಕರೆಯುತ್ತಾರೆ. ಹುರುಪೆಯಿಲ್ಲದ ನುಣುಪು ಮೈ, ಕಣ್ಣನ್ನೂ ದಾಟಿ ಸೀಳಿದ ಬಾಯಿ, ತುಂಬ ಸಣ್ಣ ಹಲ್ಲು, ಕತ್ತಲಾದ ಮೇಲೆ ಬೇಟೆ. ಅದಕ್ಕೂ ಸತ್ತದ್ದಕ್ಕಿಂತ ಒದ್ದಾಡುವ ಎರೆಯೇ ರುಚಿ. ಕೊಲ್ಹಾರದ ಕಡೆ ಆಲಮಟ್ಟಿ ಹಿನ್ನೀರಿಗೆ ಹೋದಾಗೆಲ್ಲ ಕಾಕಾನಿಗೆ ಹಳೆಯ ಹುರುಪು ಬರುತ್ತದೆ. ಅಲ್ಲಿ ತೊಟ್ಟಿ ಎಲ್ಲಿಂದ ಬರಬೇಕು? ಒಮ್ಮೆ ಕೊಲ್ಹಾರದ ಮೊಸರಿನ ಗಡಿಗೆ ಖಾಲಿ ಮಾಡಿ, ಜಿಡ್ಡು ಹೋಗುವಂತೆ ತಿಕ್ಕಿ, ಅದರಲ್ಲೇ ಎರಡು ಮರಿ ಮೀನು ಬಿಟ್ಟರು. ಮಣ್ಣಿನ ಗಡಿಗೆಯ ನೀರು ತಣ್ಣಗಿರುತ್ತದೆ, ತಣ್ಣೀರಿನಲ್ಲಿ ಮೀನಿಗೆ ಉಸಿರು ಹೆಚ್ಚು. ಉಪಾಯ ಚೆನ್ನಾಗಿತ್ತು, ಆ ಗಡಿಗೆಯನ್ನು ತಿರುಗಿ ಮನೆಗೆ ತರಬಾರದಿತ್ತು ಅಷ್ಟೆ.

ನಮ್ಮ ಮಾತು ಕೇಳಿಸಿಕೊಂಡ ಕಾಕು ಒಳಗಿನಿಂದಲೇ ಕೂಗಿದರು: "ಮುಂದಿನ ಸಲ ಮೊಸರ ತರ್ರಿ ಸಾಕು. ನಿಮ್ಮ ಶಾರ್ಕ್ ಅಲ್ಲೇ ಇರ್ಲಿ!"